ಎರೆಕೊ ಮಾರ್ಕೆಟ್ಟಿನ ಅಲಿಮೊತು ಪೆಲೆವುರಾ

ನಮ್ಮ ಶಿಬಿರಗಳಲ್ಲಿ, ಚರ್ಚಾಕೂಟಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಕಾರ್ಖಾನೆಯಲ್ಲಿ ದುಡಿಯುವವನು ಕಾರ್ಮಿಕ, ಹೊಲದಲ್ಲಿ ದುಡಿಯುವವನು ಕೂಲಿಕಾರ, ಇವರಿಬ್ಬರೂ ಒಂದಾದರೆ ಈ ವ್ಯವಸ್ಥೆ ಅಲುಗಾಡುತ್ತದೆ ಎಂಬ ಮಾತು. ಸರಿ, ಒಪ್ಪಿದೆವು. ಹಾಗಾದರೆ ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ಬೀದಿಯಲ್ಲಿ ಕೂತು ಸೊಪ್ಪು, ಮೀನು, ಹುಣಸೆಹಣ್ಣು ಮಾರುವ ಹೆಂಗಸು ಯಾರು? ಅವಳು ವ್ಯಾಪಾರಿ, ಸಣ್ಣ ಬಂಡವಾಳದವಳು, ಲಾಭದ ಕಡೆಗೆ ವಾಲುವವಳು, ಹೋರಾಟದಲ್ಲಿ ಅವಳನ್ನು ನೆಚ್ಚಿಕೊಳ್ಳೋ ಹಾಗಿಲ್ಲ ಅಂತ ಪುಸ್ತಕ ಓದಿದ ಗೆಳೆಯರು ತೀರ್ಪು ಕೊಟ್ಟುಬಿಡುತ್ತಾರೆ. ಸುಳ್ಳು ಯಾಕೆ, ನಾವೂ ಹಾಗೆ ತೀರ್ಪು ಕೊಟ್ಟವರೇ. ಪಶ್ಚಿಮ ಆಫ್ರಿಕಾದ ಲಾಗೋಸ್ ನಗರದಲ್ಲಿ ಮೀನು ಮಾರುತ್ತಿದ್ದ ಒಬ್ಬಳ ಚರಿತ್ರೆ ಓದಿದ ಮೇಲೆ ಆ ತೀರ್ಪನ್ನು ಹಾಗೇ ಇಟ್ಟುಕೊಳ್ಳಲು ನಮಗೆ ಆಗಲಿಲ್ಲ.

ಆಕೆಯ ಹೆಸರು ಅಲಿಮೊತು ಪೆಲೆವುರಾ. ಯೊರುಬಾ ಜನಾಂಗದ ಮುಸ್ಲಿಂ ಹೆಂಗಸು. ತಾಯಿ ಮೀನು ಮಾರುತ್ತಿದ್ದಳು, ಮಗಳೂ 1900ರ ಹೊತ್ತಿಗೆ ಅದೇ ಕಸುಬಿಗೆ ಇಳಿದಳು. ಓದು ಬರಹ ಬರುತ್ತಿರಲಿಲ್ಲ. ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಇಷ್ಟು ಸಾಕು, ಇನ್ನು ಉಳಿದದ್ದು ಆಕೆಯ ಮಾರ್ಕೆಟ್ಟಿನ ಕತೆ.

ಲಾಗೋಸನ್ನು ಬ್ರಿಟಿಷರು 1861ರಲ್ಲಿ ತಮ್ಮ ವಸಾಹತು ಮಾಡಿಕೊಂಡರು. 1914ರಲ್ಲಿ ಉತ್ತರ ದಕ್ಷಿಣಗಳನ್ನು ಸೇರಿಸಿ ಹೊಲಿದು ನೈಜೀರಿಯಾ ಎಂಬ ಒಂದೇ ನಕ್ಷೆ ತಯಾರು ಮಾಡಿದರು. ಆದರೆ ಮಾರ್ಕೆಟ್ಟು ಬ್ರಿಟಿಷರು ಮಾಡಿದ್ದಲ್ಲ. ಯೊರುಬಾ ಊರುಗಳಲ್ಲಿ ಅದು ಮೊದಲಿನಿಂದಲೂ ಹೆಂಗಸರ ರಾಜ್ಯ. ಮೀನಿನವರದು ಒಂದು ಕೂಟ, ಮೆಣಸಿನಕಾಯಿಯವರದು ಒಂದು, ಬಟ್ಟೆಯವರದು ಇನ್ನೊಂದು. ಒಂದೊಂದು ಕೂಟಕ್ಕೂ ಒಬ್ಬ ಹಿರಿಯಳು. ಯಾರು ಎಲ್ಲಿ ಕೂರಬೇಕು, ಜಗಳ ಬಂದರೆ ಯಾರದು ತಪ್ಪು, ಹೊಸದಾಗಿ ಬಂದವಳಿಗೆ ಜಾಗ ಉಂಟೋ ಇಲ್ಲವೋ ಎಲ್ಲ ಅಲ್ಲೇ ತೀರ್ಮಾನ. ಎಲ್ಲರೂ ಇಷ್ಟಿಷ್ಟು ಹಾಕಿ ಸರದಿಯ ಮೇಲೆ ಒಬ್ಬೊಬ್ಬರು ಒಟ್ಟು ಹಣ ಎತ್ತಿಕೊಳ್ಳುವ ಪದ್ಧತಿಗೆ ಅವರು 'ಎಸುಸು' ಅನ್ನುತ್ತಾರೆ. ನಮ್ಮ ಹಳ್ಳಿಗಳ ಚೀಟಿ ವ್ಯವಹಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕು ಬಾಗಿಲು ತೆರೆಯದ ಕಡೆ ಹೆಂಗಸರು ತಮ್ಮ ಬ್ಯಾಂಕನ್ನು ತಾವೇ ಕಟ್ಟಿಕೊಂಡಿದ್ದರು. ಸಂಘ ಅನ್ನುವುದು ಲಂಡನ್ನಿನಿಂದ ಹಡಗಿನಲ್ಲಿ ಬಂದ ಸಾಮಾನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಹೆಂಗಸರಿಗೆ ಪ್ರತಿಭಟನೆಯೂ ಹೊಸದಲ್ಲ. 1908ರಲ್ಲಿ ಸರ್ಕಾರ ನೀರಿಗೆ ಕಂದಾಯ ಹಾಕುವ ಯೋಜನೆ ತಂದಾಗಲೇ ಮಾರ್ಕೆಟ್ಟು ಮುಚ್ಚಿ ಬೀದಿಗೆ ಬಂದಿದ್ದರು. 1910ರ ವೇಳೆಗೆ ಪೆಲೆವುರಾ ಮಾರ್ಕೆಟ್ಟಿನ ಮುಂದಾಳುಗಳಲ್ಲಿ ಒಬ್ಬಳು. 1920ರ ದಶಕದಲ್ಲಿ ಎರೆಕೊ ಮಾರ್ಕೆಟ್ಟಿನ ಹೆಂಗಸರು ಆಕೆಯನ್ನು ತಮ್ಮ 'ಅಲಾಗಾ' ಎಂದು ಆರಿಸಿಕೊಂಡರು, ಅಂದರೆ ಅಧ್ಯಕ್ಷೆ. ಅದೇ ದಶಕದಲ್ಲಿ ಬೇರೆ ಬೇರೆ ಮಾರ್ಕೆಟ್ಟುಗಳ ಕೂಟಗಳೆಲ್ಲ ಒಂದಾಗಿ ಲಾಗೋಸ್ ಮಾರ್ಕೆಟ್ ಹೆಂಗಸರ ಸಂಘ ಹುಟ್ಟಿತು. ಅದಕ್ಕೂ ಆಕೆಯೇ ಮೊದಲ ಅಧ್ಯಕ್ಷೆ.

ಈ ಸಂಘದ ಬೆನ್ನಿಗೆ ನಿಂತವನು ಹರ್ಬರ್ಟ್ ಮೆಕಾಲೆ. ಮೆಕಾಲೆ ಅಂದಕೂಡಲೆ ನಮ್ಮ ಓದುಗರಿಗೆ 1835ರಲ್ಲಿ ಭಾರತದ ಶಿಕ್ಷಣದ ಬಗ್ಗೆ ಟಿಪ್ಪಣಿ ಬರೆದ ದೊರೆ ನೆನಪಾಗುತ್ತಾನೆ. ಇವನು ಅವನಲ್ಲ, ಇವನು ಕರಿಯ. ಆದರೆ ಇವನ ಅಪ್ಪನ ಹೆಸರು ಥಾಮಸ್ ಬಾಬಿಂಗ್ಟನ್ ಮೆಕಾಲೆ, ಆ ದೊರೆಯ ಹೆಸರೇ, ಅಕ್ಷರವೂ ತಪ್ಪದೆ! ಗುಲಾಮಗಿರಿಯಿಂದ ಬಿಡಿಸಿ ಸಿಯೆರಾ ಲಿಯೋನಿನಲ್ಲಿ ಇಳಿಸಿದ ಜನರ ಮಕ್ಕಳಿಗೆ ಇಂಥ ಹೆಸರುಗಳು ಅಂಟಿಕೊಂಡವು. ಹರ್ಬರ್ಟನ ತಾಯಿಯ ತಂದೆ ಅಜಯಿ ಕ್ರೌಥರ್ ಹುಡುಗನಾಗಿದ್ದಾಗ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, ಬಿಡುಗಡೆಯಾಗಿ, ಮುಂದೆ ಬಿಷಪ್ ಆದವನು. ಮೊಮ್ಮಗ ಭೂಮಾಪನ ಓದಿ ಸರ್ಕಾರದ ಕೆಲಸದಲ್ಲಿದ್ದ. ಅದನ್ನು ಬಿಟ್ಟು ಸರ್ಕಾರದ ವಿರುದ್ಧ ನಿಂತು ಎರಡು ಸಲ ಜೈಲಿಗೆ ಹೋದ. 1923ರಲ್ಲಿ ನೈಜೀರಿಯನ್ ನ್ಯಾಷನಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿದ. ಆ ಪಕ್ಷದ ಸಭೆಗಳಲ್ಲಿ ಪೆಲೆವುರಾ ಭಾಷಣ ಮಾಡುತ್ತಿದ್ದಳು. ಪಕ್ಷಕ್ಕೆ ಜನಬಲ ಕೊಟ್ಟಿದ್ದು ಮಾರ್ಕೆಟ್ಟು, ಹಣಬಲ ಕೊಟ್ಟಿದ್ದರಲ್ಲೂ ಮಾರ್ಕೆಟ್ಟಿನ ಪಾಲು ದೊಡ್ಡದು.

ಆದರೆ ಆ ಪಕ್ಷಕ್ಕೆ ಪೆಲೆವುರಾ ಓಟು ಹಾಕುವಂತಿರಲಿಲ್ಲ. 1922ರ ಸಂವಿಧಾನದ ಪ್ರಕಾರ ಲಾಗೋಸಿನಲ್ಲಿ ಓಟು ಇದ್ದದ್ದು ವರ್ಷಕ್ಕೆ 100 ಪೌಂಡ್ ಆದಾಯವಿದ್ದ ಗಂಡಸರಿಗೆ ಮಾತ್ರ. ಆರಿಸಿ ಹೋಗುತ್ತಿದ್ದವರು ಲಾಗೋಸಿನಿಂದ 3 ಜನ, ಕಲಬಾರಿನಿಂದ 1. ಹೆಂಗಸಿನ ಆದಾಯ ನೂರಿರಲಿ ಸಾವಿರವಿರಲಿ ಅವಳಿಗೆ ಓಟಿಲ್ಲ. ಈ 100 ಪೌಂಡ್ ಎಂಬ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

1929ರ ಕೊನೆಯಲ್ಲಿ ನೈಜೀರಿಯಾದ ಪೂರ್ವ ಭಾಗದಲ್ಲಿ ಇಗ್ಬೊ, ಇಬಿಬಿಯೊ ಹೆಂಗಸರು ದಂಗೆ ಎದ್ದರು. ಗಂಡಸರ ಮೇಲೆ ಹಾಕಿದ ತಲೆಗಂದಾಯವನ್ನು ತಮ್ಮ ಮೇಲೂ ಹಾಕುತ್ತಾರೆ ಎಂಬ ಭಯ. ಓಲೊಕೊ ಎಂಬ ಹಳ್ಳಿಯಲ್ಲಿ ಜನಗಣತಿಗೆ ಬಂದವನು ಆಡು ಕುರಿ ಹೆಂಗಸರನ್ನು ಒಟ್ಟಿಗೆ ಎಣಿಸತೊಡಗಿದ್ದೇ ಕಿಡಿ. ಸೈನಿಕರು ಗುಂಡು ಹಾರಿಸಿ 50ಕ್ಕೂ ಹೆಚ್ಚು ಹೆಂಗಸರನ್ನು ಕೊಂದರು. ಸರ್ಕಾರ ಅದನ್ನು ದೊಂಬಿ ಅಂತ ಬರೆದುಕೊಂಡಿತು. ಅಲ್ಲಿನ ಜನ ಇವತ್ತಿಗೂ ಅದನ್ನು ಹೆಂಗಸರ ಯುದ್ಧ ಅಂತಲೇ ಕರೆಯುತ್ತಾರೆ.

ಆ ರಕ್ತ ಒಣಗಿ ಮೂರು ವರ್ಷವಾಗಿರಲಿಲ್ಲ, 1932ರಲ್ಲಿ ಲಾಗೋಸಿನಲ್ಲೂ ಹೆಂಗಸರಿಗೆ ತೆರಿಗೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಮಾರ್ಕೆಟ್ಟಿನವರು ನಿಯೋಗ ಹೋದರು. ಅಂಥ ಯೋಚನೆಯೇ ಇಲ್ಲ ಎಂದು ಸರ್ಕಾರದ ಕಡೆಯಿಂದ ಭರವಸೆ ಸಿಕ್ಕಿತು. ಅದೇ ವರ್ಷ ಪೆಲೆವುರಾ ಲಾಗೋಸಿನ ಅರಸನ ಸಲಹಾ ಸಭೆಯಾದ ಇಲು ಸಮಿತಿಯಲ್ಲಿ ಮಾರ್ಕೆಟ್ಟುಗಳ ಪರವಾಗಿ ಮಾತಾಡುವವಳಾಗಿ ಸೇರಿದಳು. ಆಮೇಲೆ ಕೆಲವು ವರ್ಷಕ್ಕೆ ಎರೆಕೊ ಮಾರ್ಕೆಟ್ಟನ್ನು ಕಿತ್ತು ಓಲುವೊಲೆ ಎಂಬ ಕಡೆಗೆ ಸಾಗಿಸಲು ಸರ್ಕಾರ ಹೊರಟಾಗ ಹೆಂಗಸರು ಏಳಲಿಲ್ಲ. ಪೆಲೆವುರಾ ಜೈಲು ಕಂಡು ಬಂದಳು. ಮಾರ್ಕೆಟ್ಟು ಕೂತಲ್ಲೇ ಕೂತಿತ್ತು.

ಸರ್ಕಾರದ ಭರವಸೆಗೆ ಆಯುಷ್ಯ ಎಂಟು ವರ್ಷ. ಯುದ್ಧ ಶುರುವಾಗಿತ್ತು, ಖಜಾನೆಗೆ ದುಡ್ಡು ಬೇಕಿತ್ತು. 1940ರಲ್ಲಿ ಹೊಸ ಆದಾಯ ತೆರಿಗೆ ಕಾನೂನು ಬಂತು. ವರ್ಷಕ್ಕೆ 50 ಪೌಂಡಿಗಿಂತ ಹೆಚ್ಚು ಆದಾಯವಿರುವ ಹೆಂಗಸರು ತೆರಿಗೆ ಕಟ್ಟಬೇಕು. ಗಂಡಸಿಗೆ 100 ಪೌಂಡಿದ್ದರೆ ಓಟು, ಹೆಂಗಸಿಗೆ 50 ಪೌಂಡಿದ್ದರೆ ತೆರಿಗೆ. ಸಾಮ್ರಾಜ್ಯಶಾಹಿಯ ಲೆಕ್ಕ ಇದು! ಡಿಸೆಂಬರ್ 16ರಂದು ನೂರಕ್ಕೂ ಹೆಚ್ಚು ಹೆಂಗಸರು ಕಮಿಷನರ್ ಕಚೇರಿಯ ಮುಂದೆ ಸೇರಿದರು. ಅಲ್ಲಿಂದ ಮೆಕಾಲೆಯ ಮನೆಗೆ ಹೋದರು. ಅರ್ಜಿ ಬರೆಸಿದರು. ಅರ್ಜಿಯ ಕೆಳಗೆ ಇನ್ನೂರಕ್ಕೂ ಹೆಚ್ಚು ಹೆಬ್ಬೆಟ್ಟು. 18ರಂದು ಮಾರ್ಕೆಟ್ಟುಗಳು ಮುಚ್ಚಿದವು. ಲಾಗೋಸಿನಲ್ಲಿ ಮೀನಿಲ್ಲ, ಮೆಣಸಿಲ್ಲ, ಮರಗೆಣಸಿನ ಹಿಟ್ಟಿಲ್ಲ. ಸರ್ಕಾರ ಎಷ್ಟು ದಿನ ತಾನೆ ತಡೆದೀತು? ಮಿತಿಯನ್ನು 50ರಿಂದ 200 ಪೌಂಡಿಗೆ ಏರಿಸಿತು.

ಇದನ್ನು ಗೆಲುವು ಅಂತ ಬರೆದು ಮುಂದಕ್ಕೆ ಹೋಗಬಹುದು. ಯಾಕೆಂದರೆ 200 ಪೌಂಡ್ ಸಂಪಾದಿಸುವ ಮಾರ್ಕೆಟ್ಟಿನ ಹೆಂಗಸರು ಬೆರಳೆಣಿಕೆಯಷ್ಟು. ಆದರೆ ಹೆಂಗಸರು ಮನೆಗೆ ಹೋಗಲಿಲ್ಲ. ಗ್ಲೋವರ್ ಹಾಲಿನಲ್ಲಿ ಸಾವಿರಾರು ಜನ ಸೇರಿ ಮತ್ತೆ ಸಭೆ ಮಾಡಿದರು. ಓಟಿಲ್ಲದವರು ತೆರಿಗೆ ಯಾಕೆ ಕಟ್ಟಬೇಕು ಎಂಬುದು ಅವರ ಪ್ರಶ್ನೆ. ಇವತ್ತು ಇನ್ನೂರು ಅಂದವನು ನಾಳೆ ಇಪ್ಪತ್ತು ಅನ್ನಲಾರನೆ? ಇಂಗ್ಲೆಂಡಿನಲ್ಲಿ ಹೆಂಗಸರೂ ತೆರಿಗೆ ಕಟ್ಟುತ್ತಾರಲ್ಲ ಎಂದು ಅಧಿಕಾರಿ ವಾದ ಹೂಡಿದ. ಇಂಗ್ಲೆಂಡು ಹಣ ಹುಟ್ಟುವ ಜಾಗ, ಆಫ್ರಿಕಾದವರು ಬಡವರು ಎಂಬ ಅರ್ಥದ ಉತ್ತರ ಪೆಲೆವುರಾಳಿಂದ ಬಂತು. ಆ ಇಂಗ್ಲೆಂಡಿನಲ್ಲಿ ಹುಟ್ಟಿದ ಹಣ ಎಲ್ಲಿಯ ಎಣ್ಣೆಯಿಂದ, ಯಾರ ಬೆವರಿನಿಂದ ಹುಟ್ಟಿತು ಎಂದು ನಾವು ಸೇರಿಸಿಕೊಂಡು ಓದಬಹುದು.

ಈಗ ಕಷ್ಟದ ಜಾಗಕ್ಕೆ ಬಂದೆವು. ನಮ್ಮ ಗೆಳೆಯರಿಗೆ ಇಲ್ಲೇ ಮುಳ್ಳು ಚುಚ್ಚುವುದು.

ಯುದ್ಧಕಾಲದಲ್ಲಿ ಲಾಗೋಸಿಗೆ ಸೈನಿಕರು ಬಂದರು, ಕೆಲಸ ಹುಡುಕಿ ಹಳ್ಳಿಯವರು ಬಂದರು, ಹಡಗುಗಳು ಕಡಿಮೆಯಾದವು, ಬೆಲೆ ಮೇಲಕ್ಕೆ ಹಾರಿತು. 1941ರಲ್ಲಿ ಸರ್ಕಾರ ಬೆಲೆ ನಿಯಂತ್ರಣ ತಂದಿತು. ಇದನ್ನು ನಡೆಸಿದವನು ಕ್ಯಾಪ್ಟನ್ ಪುಲೆನ್ ಎಂಬ ಅಧಿಕಾರಿ, ಹಾಗಾಗಿ ಅದರ ಹೆಸರು ಪುಲೆನ್ ಯೋಜನೆ ಅಂತಲೇ ಆಯಿತು. ಲಾಗೋಸಿನ ಬಡವರ ಮುಖ್ಯ ಊಟ 'ಗಾರಿ', ಅಂದರೆ ಮರಗೆಣಸನ್ನು ತುರಿದು, ಹುಳಿಸಿ, ಹಿಂಡಿ, ಹುರಿದ ತರಿ. ಗಾರಿಗೆ ಸರ್ಕಾರ ಬೆಲೆ ಗೊತ್ತು ಮಾಡಿತು. ತಾನೇ ಒಳನಾಡಿನಿಂದ ಕೊಂಡು ತಾನೇ ತೆರೆದ ಕೇಂದ್ರಗಳಲ್ಲಿ ಮಾರಲು ಹೊರಟಿತು. ಹೆಚ್ಚು ಬೆಲೆಗೆ ಮಾರಿದ ಹೆಂಗಸರನ್ನು ಹಿಡಿದು ದಂಡ ಹಾಕಿತು.

ಬೆಲೆ ನಿಯಂತ್ರಣ ಬೇಕು ಅನ್ನುವವರು ನಾವು. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ಕೂತ ಮನೆಗಳಿಂದಲೇ ಬಂದವರು ನಾವು. ಅದೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ, 1943ರ ಬಂಗಾಳದಲ್ಲಿ, ಸುಮಾರು 30 ಲಕ್ಷ ಜನ ಸತ್ತಾಗ ದಾಸ್ತಾನುಕೋರರ ಗೋದಾಮು ಒಡೆಯಿರಿ, ಪಡಿತರ ಕೊಡಿ ಎಂದು ಕೇಳಿದವರು ಎಡಪಕ್ಷದವರು. ಅದು ಸರಿಯಾಗಿಯೇ ಇತ್ತು. ಹಾಗಿದ್ದರೆ ಲಾಗೋಸಿನಲ್ಲಿ ಬೆಲೆ ನಿಯಂತ್ರಣವನ್ನು ವಿರೋಧಿಸಿದ ಪೆಲೆವುರಾ ಯಾರ ಪಕ್ಷ? ಲಾಭಕೋರರ ಪಕ್ಷವೇ?

ನಾವು ಈ ಪ್ರಶ್ನೆಯನ್ನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆವು. ನಮಗೆ ತೋಚಿದ್ದು ಇಷ್ಟು. ಬೆಲೆ ಎಷ್ಟು ಅನ್ನುವುದರ ಜೊತೆಗೆ ಯಾರ ಬೆಲೆಯನ್ನು ಯಾರು ಕಟ್ಟುತ್ತಾರೆ ಅಂತಲೂ ಕೇಳಬೇಕು. ಗಾರಿ ಮಾರುವವಳ ಬೆಲೆಯನ್ನು ಪೊಲೀಸರು ಕಾಯುತ್ತಿದ್ದರು. ಅದೇ ಸಮಯದಲ್ಲಿ ಅವಳು ಕೊಳ್ಳಬೇಕಾದ ಹೊರದೇಶದ ಸಾಮಾನು ಇದ್ದದ್ದು ಬಿಳಿಯರ ಕಂಪನಿಗಳ ಕೈಯಲ್ಲಿ. ಆಮದಿನ ಕೋಟಾ ಕೂಡ ಹಳೆಯ ವ್ಯಾಪಾರದ ಲೆಕ್ಕ ಹಿಡಿದು ಅವರಿಗೇ ಹೋಗುತ್ತಿತ್ತು. ಅವುಗಳಲ್ಲಿ ದೊಡ್ಡದು 1929ರಲ್ಲಿ ಹುಟ್ಟಿದ ಯುನೈಟೆಡ್ ಆಫ್ರಿಕಾ ಕಂಪನಿ. ಇದು ಯೂನಿಲಿವರಿನ ಕೂಸು. ಪಶ್ಚಿಮ ಆಫ್ರಿಕಾದ ತಾಳೆ ಎಣ್ಣೆಯಿಂದ ಸೋಪು ಮಾಡಿ ಬೆಳೆದ ಆ ಲಿವರ್ ಕಂಪನಿಯೇ ನಮ್ಮ ಹಳ್ಳಿಗಳಿಗೆ ಲೈಫ್‌ಬಾಯ್, ಸನ್‌ಲೈಟ್ ತಂದದ್ದು. ಈ ಕಂಪನಿಗಳು ಯುದ್ಧಕಾಲದಲ್ಲಿ ಹೆಂಗಸರಿಗೆ ಒಂದು ಷರತ್ತು ಹಾಕುತ್ತಿದ್ದವು. ಬೇಕಾದ ಸಾಮಾನು ಕೊಡಬೇಕಾದರೆ ಬೇಡವಾದ ಸಾಮಾನನ್ನೂ ಜೊತೆಗೆ ಕೊಳ್ಳಬೇಕು. ಕಂಪನಿಗೆ ಷರತ್ತು ಹಾಕುವ ಸ್ವಾತಂತ್ರ್ಯ, ಬುಟ್ಟಿಯವಳಿಗೆ ದಂಡ. ಹಳ್ಳಿಯಿಂದ ಗಾರಿ ತರಿಸುವ ಖರ್ಚಿಗೂ ಸಾಲದ ಬೆಲೆಗೆ ಅವಳು ಮಾರಬೇಕಿತ್ತು. ಸರ್ಕಾರದ ಕೇಂದ್ರಗಳ ಮುಂದೆ ಸಾಲು ಬೆಳೆಯಿತು, ಗಾರಿ ಕಾಳಸಂತೆಗೆ ಇಳಿಯಿತು. ಕಾಳಸಂತೆಯಲ್ಲಿ ಕಾಸು ಮಾಡಿಕೊಂಡ ಹೆಂಗಸರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಆದರೆ ಹಸಿವಿನ ಹೊಣೆಯನ್ನೆಲ್ಲ ಬುಟ್ಟಿಯವಳ ತಲೆಗೆ ಕಟ್ಟಿ ಗೋದಾಮಿನವನನ್ನು ಬಿಟ್ಟುಬಿಡುವ ನಿಯಂತ್ರಣಕ್ಕೆ ನ್ಯಾಯಬೆಲೆ ಎಂದು ಹೇಗೆ ಹೆಸರಿಡುವುದು?

ಪುಲೆನ್‌ಗೂ ಒಂದು ವಿಷಯ ಅರ್ಥವಾಗಿತ್ತು. ಪೊಲೀಸರಿಂದ ಆಗದ್ದು ಪೆಲೆವುರಾಳ ಒಂದು ಮಾತಿನಿಂದ ಆಗುತ್ತದೆ ಎಂಬುದು. ಅವನು ಆಕೆಗೆ ಬೆಲೆ ಕಟ್ಟಿದ. ಯೋಜನೆಗೆ ಸಹಕರಿಸಿದರೆ ತಿಂಗಳಿಗೆ 100 ಪೌಂಡ್. ಹಿಂದೆ ನೆನಪಿಟ್ಟುಕೊಳ್ಳಿ ಎಂದೆವಲ್ಲ, ಅದೇ 100 ಪೌಂಡ್. ಒಬ್ಬ ಗಂಡಸು ಓಟು ಪಡೆಯಲು ಇಡೀ ವರ್ಷ ದುಡಿಯಬೇಕಾಗಿದ್ದ ಹಣವನ್ನು ಓಟೇ ಇಲ್ಲದ ಮೀನಿನವಳಿಗೆ ತಿಂಗಳ ಸಂಬಳವಾಗಿ ಕೊಡಲು ಸಾಮ್ರಾಜ್ಯ ಮುಂದೆ ಬಂತು. ತಿಂಗಳಿಗಲ್ಲ, ಗಂಟೆಗೆ ನೂರು ಪೌಂಡ್ ಕೊಟ್ಟರೂ ತಾನು ಹುಟ್ಟಿದ ನಾಡನ್ನು ಹಸಿವಿಗೆ ದೂಡುವ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಆಕೆ ಹೇಳಿದಳು. ನಮ್ಮ ಕಡೆ ಸಂಘಟನೆ ಕಟ್ಟಿ, ಒಂದು ನಿಗಮದ ಕುರ್ಚಿ ಸಿಕ್ಕ ಕೂಡಲೆ ದನಿ ಇಳಿಸಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಹೆಸರು ಬೇಡ, ಬಿಡಿ.

ಆಮೇಲೆ 1945. ಯುದ್ಧದ ಬೆಲೆಯೇರಿಕೆಯಲ್ಲಿ ರೈಲ್ವೆ ಮತ್ತು ಸರ್ಕಾರಿ ಕೆಲಸಗಾರರ ಕೂಲಿ ಕರಗಿಹೋಗಿತ್ತು. ಬಿಳಿ ಅಧಿಕಾರಿಗಳಿಗೆ ಭತ್ಯೆ ಏರಿತ್ತು, ಕರಿಯರು ಕೇಳಿದ ತುಟ್ಟಿಭತ್ಯೆಗೆ ಸರ್ಕಾರ ಇಲ್ಲ ಎಂದಿತು. ರೈಲ್ವೆ ಕಾರ್ಮಿಕರ ನಾಯಕ ಮೈಕೆಲ್ ಇಮೌಡು 1943ರಲ್ಲಿ ಬಂಧನಕ್ಕೊಳಗಾಗಿ ಗಡೀಪಾರಾಗಿದ್ದವನು ಆಗತಾನೆ ಬಿಡುಗಡೆಯಾಗಿ ಲಾಗೋಸಿಗೆ ಮರಳಿದ್ದ. ಜೂನ್ ತಿಂಗಳಲ್ಲಿ ಮುಷ್ಕರ ಶುರುವಾಯಿತು. 30 ಸಾವಿರಕ್ಕೂ ಹೆಚ್ಚು ಕೆಲಸಗಾರರು ಕೆಲಸ ನಿಲ್ಲಿಸಿದರು. ರೈಲು ನಿಂತಿತು, ತಂತಿ ನಿಂತಿತು. ಮುಷ್ಕರದ ಪರ ಬರೆಯುತ್ತಿದ್ದ ವೆಸ್ಟ್ ಆಫ್ರಿಕನ್ ಪೈಲಟ್, ಡೈಲಿ ಕಾಮೆಟ್ ಪತ್ರಿಕೆಗಳನ್ನು ಸರ್ಕಾರ ನಿಷೇಧಿಸಿತು. ಒಂದು ತಿಂಗಳು ದಾಟಿತು.

ಸಂಬಳವಿಲ್ಲದ ಒಂದು ತಿಂಗಳಲ್ಲಿ ಕಾರ್ಮಿಕನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ? ಮುಷ್ಕರಗಳ ಚರಿತ್ರೆ ಬರೆಯುವವರು ಭಾಷಣ ಬರೆಯುತ್ತಾರೆ, ಬೇಡಿಕೆಗಳ ಪಟ್ಟಿ ಬರೆಯುತ್ತಾರೆ, ಒಲೆಯ ವಿಷಯ ಬರೆಯುವುದಿಲ್ಲ. ಲಾಗೋಸಿನ ಆ ಒಲೆಗಳ ಕೆಳಗೆ ಮಾರ್ಕೆಟ್ಟಿನ ಹೆಂಗಸರು ಇದ್ದರು. ಸರ್ಕಾರ ಬೆಲೆ ಇಳಿಸಿ ಎಂದಾಗ ಒಲ್ಲೆ ಎಂದಿದ್ದ ಅದೇ ಹೆಂಗಸರು ಮುಷ್ಕರದ ದಿನಗಳಲ್ಲಿ ತಾವಾಗಿಯೇ ಬೆಲೆ ಏರಿಸದೆ ತಗ್ಗಿಸಿ ಹಿಡಿದರು. ಕಾರ್ಮಿಕರ ಪರಿಹಾರ ನಿಧಿಗೆ ಪೆಲೆವುರಾ ಹಣ ಕೊಟ್ಟಳು. ಸುಮಾರು ಆರು ವಾರಗಳ ಮುಷ್ಕರದ ಕೊನೆಗೆ ಸರ್ಕಾರ ವಿಚಾರಣಾ ಆಯೋಗ ನೇಮಿಸಬೇಕಾಯಿತು. ಆಯೋಗ ತುಟ್ಟಿಭತ್ಯೆಯನ್ನು ಶೇಕಡ 50ರಷ್ಟು ಏರಿಸಲು ಶಿಫಾರಸು ಮಾಡಿತು. ಪುಲೆನ್ ಯೋಜನೆಯೂ ಅದೇ 1945ರಲ್ಲಿ ಕೊನೆಯಾಯಿತು.

ಈಗ ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿ ನೋಡಿ. ಆ ಹೆಂಗಸರು ಬರೀ ವ್ಯಾಪಾರಿಗಳಾಗಿದ್ದರೆ ಮುಷ್ಕರವೇ ಅವರಿಗೆ ಸುಗ್ಗಿಯಾಗಬೇಕಿತ್ತು. ಆ ಕಾರ್ಮಿಕ ಅವರ ಗಿರಾಕಿಯೂ ಹೌದು, ಗಂಡನೂ ಹೌದು, ಮಗನೂ ಹೌದು. ಒಂದೇ ಮನೆಯೊಳಗೆ ಕೂಲಿ ಮತ್ತು ವ್ಯಾಪಾರ ಎರಡೂ ಒಂದೇ ಗಡಿಗೆಗೆ ಬೀಳುತ್ತಿದ್ದವು. ನಾವು ಪುಸ್ತಕದಲ್ಲಿ ಎಳೆದ ಗೆರೆ ಆ ಗಡಿಗೆಯೊಳಗೆ ಹಾದುಹೋಗುವುದಿಲ್ಲ.

ಲಾಗೋಸಿನ ಓದಿದ ಹೆಂಗಸರ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. 1944ರಲ್ಲಿ ಓಯಿಂಕನ್ ಅಬಯೋಮಿ ಎಂಬಾಕೆ ನೈಜೀರಿಯನ್ ವಿಮೆನ್ಸ್ ಪಾರ್ಟಿ ಕಟ್ಟಿದಳು. ಹೆಚ್ಚಾಗಿ ಕ್ರಿಶ್ಚಿಯನ್ ಮೇಲ್ವರ್ಗದ ವಿದ್ಯಾವಂತೆಯರು. ಹೆಣ್ಣುಮಕ್ಕಳ ಶಾಲೆ, ಸರ್ಕಾರಿ ಕೆಲಸದಲ್ಲಿ ಹೆಂಗಸರಿಗೆ ಪಾಲು, ಓಟು, ಇವೆಲ್ಲ ಅವರ ಬೇಡಿಕೆ. ನ್ಯಾಯವಾದವೇ. ಆದರೆ ಮಾರ್ಕೆಟ್ಟಿನ ಸಾವಿರಾರು ಜನ ಅವರ ಬೆನ್ನಿಗೆ ಹೋಗಲಿಲ್ಲ, ಪೆಲೆವುರಾಳ ಬೆನ್ನಿಗೇ ಇದ್ದರು. ಲಾಗೋಸಿನಿಂದ ಉತ್ತರಕ್ಕಿರುವ ಅಬೆಒಕುಟಾದಲ್ಲಿ ಮಾತ್ರ ಬೇರೆ ಥರ ಆಯಿತು. ಅಲ್ಲಿ ಶಾಲಾ ಉಪಾಧ್ಯಾಯಿನಿ ಫುನ್ಮಿಲಾಯೊ ರಾನ್ಸಮ್ ಕುಟಿ ತನ್ನ ಓದಿದ ಹೆಂಗಸರ ಕ್ಲಬ್ಬನ್ನೇ ಮಾರ್ಕೆಟ್ಟಿನವರಿಗೆ ತೆರೆದಿಟ್ಟಳು. ಇಂಗ್ಲಿಷ್ ಉಡುಪು ಬಿಟ್ಟು ಅವರ ಹಾಗೆ ಬಟ್ಟೆ ಸುತ್ತಿದಳು. ಅಕ್ಷರ ಕಲಿಸಿದಳು. ಆ ಹೆಂಗಸರ ಚಳುವಳಿಯ ಬಿಸಿಗೆ ಅಲ್ಲಿನ ಅರಸ 1949ರ ಜನವರಿಯಲ್ಲಿ ಗದ್ದಿಗೆ ಬಿಟ್ಟು ಇಳಿಯಬೇಕಾಯಿತು. ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ನಮ್ಮ ಗೆಳೆಯರು ಇವಳ ಬಗ್ಗೆ ಹುಡುಕಿ ಓದಬೇಕು, ಅದು ಬೇರೆಯೇ ಒಂದು ಲೇಖನದ ವಸ್ತು.

ಪೆಲೆವುರಾ ತಾನೇ ಬರೆದದ್ದು ಒಂದು ಸಾಲೂ ಇಲ್ಲ. ಆಕೆಯ ಮಾತು ಉಳಿದಿರುವುದು ಅಂದಿನ ಪತ್ರಿಕೆಗಳ ವರದಿಯಲ್ಲಿ, ಅಧಿಕಾರಿಗಳ ಕಡತದಲ್ಲಿ, ಮೆಕಾಲೆ ಕೂಡಿಟ್ಟ ಕಾಗದಪತ್ರಗಳಲ್ಲಿ. ಆ ಕಾಗದಗಳು ಇಬಾದಾನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಹೇಳಿದವಳು ಆಕೆ, ಬರೆದವರು ಗಂಡಸರು, ಯೊರುಬಾದ ಮಾತು ಇಂಗ್ಲಿಷಿಗೆ ಹೋಗುವಾಗ ಏನು ಉದುರಿತೋ. ನಮ್ಮ ಮನೆಗಳಲ್ಲಿ ಮೊದಲ ಸಲ ಪೆನ್ನು ಹಿಡಿದವರು ನಾವು. ನಮ್ಮ ಅವ್ವಂದಿರ ಹೆಬ್ಬೆಟ್ಟಿನ ಪಕ್ಕದಲ್ಲಿ ಅವರ ಹೆಸರು ಬರೆದುಕೊಟ್ಟವರೂ ನಾವೇ. ಅವರು ಹೇಳಿದ್ದನ್ನೇ ಬರೆದೆವೋ, ನಮಗೆ ಚೆಂದ ಕಂಡದ್ದನ್ನು ಬರೆದೆವೋ? ಮೆಕಾಲೆಯ ಅರ್ಜಿಗಳ ಬಗ್ಗೆ ಓದುವಾಗ ಇದು ನಮ್ಮನ್ನು ಕಾಡಿತು.

ಮೆಕಾಲೆ 1946ರಲ್ಲಿ ತೀರಿಕೊಂಡ, ಪೆಲೆವುರಾ 1951ರಲ್ಲಿ. ನೈಜೀರಿಯಾ ಸ್ವತಂತ್ರವಾದದ್ದು 1960ರಲ್ಲಿ, ದೇಶದ ಉತ್ತರ ಭಾಗದ ಹೆಂಗಸರಿಗೆ ಓಟು ಬಂದದ್ದು 1976ರಲ್ಲಿ. ಮಾರ್ಕೆಟ್ಟಿನ ಮುಂದಾಳ್ತನ ಕೈಯಿಂದ ಕೈಗೆ ಸಾಗಿ ಅಬಿಬತು ಮೊಗಾಜಿ ಎಂಬಾಕೆಗೆ ಬಂತು. ಆ ಸ್ಥಾನವನ್ನು ಈಗ 'ಇಯಾಲೊಜಾ' ಅನ್ನುತ್ತಾರೆ, ಮಾರ್ಕೆಟ್ಟಿನ ತಾಯಿ ಎಂದು ಅರ್ಥ. ಮೊಗಾಜಿಯನ್ನು ತಾಯಿ ಎನ್ನುವ ಬೋಲಾ ತಿನುಬು 1999ರಿಂದ ಎಂಟು ವರ್ಷ ಲಾಗೋಸಿನ ಗವರ್ನರಾಗಿದ್ದು, 2023ರಲ್ಲಿ ದೇಶದ ಅಧ್ಯಕ್ಷನಾದ. 2013ರಲ್ಲಿ ಮೊಗಾಜಿ ತೀರಿಕೊಂಡ ಮೇಲೆ ಇಯಾಲೊಜಾ ಪಟ್ಟ ಹೋದದ್ದು ತಿನುಬುವಿನ ಮಗಳಿಗೆ. ಎರೆಕೊದ ಹೆಂಗಸರು ಮೀನಿನ ಬುಟ್ಟಿಗಳ ನಡುವೆ ಕೂತು ತಮ್ಮೊಳಗಿನ ಒಬ್ಬಳನ್ನು ಆರಿಸಿಕೊಂಡು ಆಗ ತೊಂಬತ್ತು ವರ್ಷದ ಹತ್ತಿರವಾಗಿತ್ತು.